ಎರಡು ಮಾವಿನಹಳ್ಳಿ

ತಮಿಳು ಸೀಮೆಯ ಸಿರುಮುಗೈಯಲ್ಲಿ ನಾವು ಸೀರೆ ನೇಯುತ್ತಿದ್ದ ಬೀದಿಗೆ ಮಾವಿನಹಳ್ಳಿ ಎಂದು ಹೆಸರು. ಮೈಸೂರು ಸೀಮೆ ಬಿಟ್ಟು ಬಂದ ಹಿರಿಯರು ತಮ್ಮ ಊರಿನ ಹೆಸರನ್ನೂ ಹೊತ್ತು ತಂದಿದ್ದರಂತೆ. ಆ ಊರಿನ ದಾರಿ ಹೇಳಿಹೋಗುವ ಬುದ್ಧಿ ಮಾತ್ರ ಒಬ್ಬರಿಗೂ ಇರಲಿಲ್ಲ. ಎಂಬತ್ತರ ದಶಕದಲ್ಲಿ, ನನ್ನ ಮಗಳ ಮೊದಲ ಮುಡಿಯನ್ನು ಆ ಮೂಲ ಊರಿನ ಅಮ್ಮನ ಗುಡಿಯಲ್ಲೇ ಕೊಡಬೇಕೆಂದು ನನ್ನಜ್ಜಿ ಹಟ ಹಿಡಿದಳು. ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ವಿಚಾರಿಸಿದರೆ, ಪೊಳ್ಳಾಚಿಯ ಆಚೆ ಆ ಹೆಸರಿನ ಊರೊಂದಿದೆ ಎಂದರು. ಮೈಸೂರು ಸೀಮೆ ಇರುವುದು ಉತ್ತರಕ್ಕೆ, ಪೊಳ್ಳಾಚಿ ದಕ್ಷಿಣಕ್ಕೆ ಎಂದು ನಾನು ಬಾಯಿ ಬಡಿದುಕೊಂಡೆ. ಯಾರು ಕೇಳಬೇಕು! ಅಜ್ಜಿ ಆಗಲೇ ಬಸ್ಸು ಹತ್ತಿದ್ದಳು.

ಅಲ್ಲಿ ತೆಂಗಿನ ತೋಟದ ಅಂಚಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ನಮ್ಮ ಕನ್ನಡ ಕೇಳಿ ಎದ್ದು ಬಂದಳು. ಯಾವೂರು ಎಂದು ಕನ್ನಡದಲ್ಲೇ ಕೇಳಿದಳು.

“ಮಾವಿನಹಳ್ಳಿ,” ಎಂದಳು ಅಜ್ಜಿ.

ಮುದುಕಿ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. “ನಮ್ಮ ಮೂಲದೂರಿಂದ ಬಂದ್ರಾ ಅಕ್ಕಾ! ನಮ್ಮ ತಾತಂದ್ರು ಬಿಟ್ಬಂದ ಅಮ್ಮ ಚೆನ್ನಾಗವ್ಳಾ?”

ಅಜ್ಜಿ ನನ್ನ ಮುಖ ನೋಡಿದಳು. ನಾನು ಮಗುವಿನ ತಲೆ ಸವರುತ್ತ ನಿಂತೆ.

“ಚೆನ್ನಾಗವ್ಳೆ,” ಎಂದಳು ಅಜ್ಜಿ.