ಬಕೆಟ್ಟು ಹಿಡಿದು ಬಂದವರು

ಕಸದ ಗಾಡಿ ಓಡಿಸುವ ಅವನಿಗೆ ಜೊತೆಯವರು ಇಟ್ಟ ಹೆಸರು ಕವಿ. ಹೊಗಳಿ ಇಟ್ಟದ್ದಲ್ಲ. ಒಮ್ಮೆ ರಜೆ ಅರ್ಜಿಯನ್ನು ಪ್ರಾಸ ಹೊಂದಿಸಿ ಬರೆದು, ರಜೆಯನ್ನೂ ಕಳೆದುಕೊಂಡು, ಮೂರು ವಾರ ಆಡಿಕೊಳ್ಳುವವರ ಬಾಯಿಗೆ ಆಹಾರವಾದ ಮೇಲೆ ಅಂಟಿಕೊಂಡದ್ದು. ಇಪ್ಪತ್ತಾರು ವರ್ಷದವನು, ಎದುರು ನಿಂತು ಎರಡು ಮಾತಾಡಪ್ಪಾ ಅಂದರೆ ಬೆವರುತ್ತಿದ್ದ. ಬರೆಯಲು ಕೂತಾಗ ಮಾತ್ರ ತನ್ನಂಥ ಧೀರ ಇನ್ನೊಬ್ಬನಿಲ್ಲ ಅನ್ನಿಸುತ್ತಿತ್ತು.

ಅವನ ಅಕ್ಕನ ಮನೆ ಇದ್ದದ್ದು ಊರಿನ ಕಸ ಸುರಿಯುವ ಬಯಲಿನ ಪಕ್ಕದಲ್ಲಿ. ಬಯಲು ತುಂಬಿಹೋಗಿತ್ತು. ಅದನ್ನು ಅಕ್ಕನ ಅಡುಗೆಮನೆಯ ಗೋಡೆವರೆಗೂ ಹಿಗ್ಗಿಸುವುದಾಗಿ ನಗರಸಭೆ ನೋಟಿಸು ಅಂಟಿಸಿತ್ತು. ತಿಂಗಳ ಕೊನೆಯೊಳಗೆ ಇನ್ನೂರು ಜನ ಆಕ್ಷೇಪಣೆಗೆ ಸಹಿ ಹಾಕಿದರೆ ಕೆಲಸ ನಿಲ್ಲಿಸಿ ವಿಚಾರಿಸುತ್ತೇವೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅಕ್ಕನ ಬೀದಿಯಲ್ಲಿ ಇದ್ದದ್ದೇ ಹದಿನೆಂಟು ಮನೆ.

"ದಿನಾ ನಾನೂರು ಮನೆ ಮುಂದೆ ಗಾಡಿ ನಿಲ್ಲಿಸ್ತೀಯಲ್ಲೋ, ಅವರನ್ನ ಕೇಳು," ಅಂದಳು ಅಕ್ಕ, ಕೆಮ್ಮಿನ ನಡುವೆ. ಕೆಮ್ಮು ಶುರುವಾಗಿ ಮೂರು ವರ್ಷವಾಗಿತ್ತು. ಇನ್ನೇನು ಅದನ್ನ ಸ್ಕೂಲಿಗೆ ಸೇರಿಸಬೇಕು ಅಂತ ಅವಳೇ ತಮಾಷೆ ಮಾಡುತ್ತಿದ್ದಳು.

"ಕೇಳೋದು ಅಂದ್ರೆ... ಹೇಗೆ ಅಕ್ಕಾ?"

"ಬಾಯಿಂದ."

ಬಾಯಿಂದ ಆಗುವ ಹಾಗಿದ್ದರೆ ಅವನು ಕವಿ ಯಾಕಾಗುತ್ತಿದ್ದ? ಅವನ ಕಣ್ಣು ಬಿದ್ದದ್ದು ಗಾಡಿಯ ತಲೆಮೇಲಿನ ಧ್ವನಿವರ್ಧಕದ ಮೇಲೆ. ಅದರಲ್ಲಿ ಆರು ವರ್ಷದಿಂದ ಒಂದೇ ಹಾಡು: ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ. ಹಾಡು ಬೀದಿಗೆಲ್ಲ ಬಾಯಿಪಾಠ, ಕಸ ಮಾತ್ರ ಇವತ್ತಿಗೂ ಒಂದೇ ಬಕೆಟ್ಟಿನಲ್ಲಿ. ಬುದ್ಧಿಯಿದ್ದವನಿಗೆ ಇಷ್ಟು ಸಾಕಿತ್ತು. ಇವನು, ಹಾಡು ಕೆಟ್ಟದಾಗಿದೆ, ಅದಕ್ಕೇ ಯಾರೂ ಕೇಳುತ್ತಿಲ್ಲ ಅಂದುಕೊಂಡ. ಬರೆಯುವ ಹುಚ್ಚಿರುವವರೆಲ್ಲ ಹೀಗೇ ಅಂದುಕೊಳ್ಳುತ್ತಾರೆ.

ರಾಗ ಬದಲಾದರೆ ನಗರಸಭೆಯ ಸಾಹೇಬರಿಗೆ ಗೊತ್ತಾಗುತ್ತದೆ ಅಂತ ಮಹಾ ಜಾಣತನದಿಂದ ರಾಗವನ್ನು ಹಾಗೇ ಉಳಿಸಿಕೊಂಡು ಪದವನ್ನಷ್ಟೇ ಬದಲಾಯಿಸಿದ. ಗಾಡಿಯ ಗಾಜು ಏರಿಸಿಕೊಂಡು ಮೊಬೈಲಿನಲ್ಲಿ ತಾನೇ ಹಾಡಿ ರೆಕಾರ್ಡ್ ಮಾಡಿದ. ಕಸ ಎತ್ತಿ ತುಂಬುವ ಮಾವ, ಅಂದರೆ ಎಲ್ಲರೂ ಮಾವ ಅನ್ನುವ ಐವತ್ತರ ಆಸಾಮಿ, ಸ್ಟೀರಿಂಗಿನ ಮೇಲೆ ತಾಳ ಹಾಕಿದ.

"ನೀವು ಎಸೆದದ್ದು ಎಲ್ಲಿಗೆ ಹೋಯ್ತು, ಬಲ್ಲಿರಾ?
ಗೋಡೆಯ ಆಚೆ ಕೆಮ್ಮುವ ಸದ್ದು ಕೇಳಿರಾ?
ಬೇಡ ಅನ್ನಿ, ಒಮ್ಮೆಯಾದರೂ ಬೇಡ ಅನ್ನಿ,
ಶನಿವಾರ ಹತ್ತಕ್ಕೆ ಟ್ಯಾಂಕಿನ ಬಳಿ ಸಹಿಗೆ ಬನ್ನಿ."

"ಕವಿಗಳೇ, ಕೊನೇ ಸಾಲು ಸ್ವಲ್ಪ ಬಸ್ ಸ್ಟ್ಯಾಂಡ್ ಅನೌನ್ಸ್‌ಮೆಂಟ್ ಥರ ಆಯ್ತು," ಅಂದ ಮಾವ. "ಆದ್ರೂ ಪರವಾಗಿಲ್ಲ."

ಎರಡು ವಾರ ಹಾಡು ಓಣಿ ಓಣಿ ಸುತ್ತಿತು. ಮೂಲೆಮನೆಯ ರಿಟೈರ್ಡ್ ಮೇಷ್ಟ್ರು ಕಸ ಕೊಡುತ್ತಾ ಗುನುಗುವುದನ್ನು ಕೇಳಿ ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಹೊಸ ದನಿ ಚೆನ್ನಾಗಿದೆಯಪ್ಪ, ಯಾರದು?" ಅಂತ ಅವರು ಕೇಳಿದಾಗ, ಗೊತ್ತಿಲ್ಲ ಸಾರ್ ಅಂದುಬಿಟ್ಟ. ಆಗಲೇ ಒಂದು ಮಾತು ಸಹಿ ಕೇಳಬಹುದಿತ್ತು. ಹಾಡೇ ಕೇಳುತ್ತಿದೆಯಲ್ಲ, ತಾನ್ಯಾಕೆ ಅಂತ ಬಿಟ್ಟ.

ಶನಿವಾರ ನೀರಿನ ಟ್ಯಾಂಕಿನ ಕೆಳಗೆ ಒಂದು ಮೇಜು, ಇನ್ನೂರು ಗೆರೆ ಎಳೆದ ಹಾಳೆಗಳು, ಎರಡು ಪೆನ್ನು, ಪಕ್ಕದಲ್ಲಿ ಬೆಳಗಿನ ಸುತ್ತು ಮುಗಿಸಿದ ಗಾಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಕ್ಕ ಕೂತಳು. ಅವಳ ಬೀದಿಯವರು ಬಂದು ಸಹಿ ಹಾಕಿ ಹೋದರು. ಹತ್ತೂವರೆಯಾದರೂ ಬೇರೆ ನರಪಿಳ್ಳೆ ಇಲ್ಲ.

"ಹಾಡು ಹಾಕಿ ನೋಡ್ತೀನಿ ಇರಕ್ಕ," ಅಂದ.

ಹಾಕಿದ. ಐದೇ ನಿಮಿಷ. ಬಾಗಿಲುಗಳು ಪಟಪಟ ತೆರೆದವು. ಇಡೀ ಬೀದಿ ಅವನತ್ತ ನಡೆದು ಬಂತು. ಅಕ್ಕ ಕುರ್ಚಿಯಿಂದ ಎದ್ದು ನಿಂತಳು. ಹತ್ತಿರ ಬಂದ ಮೇಲೆ ಅವರ ಕೈ ಕಂಡಿತು. ಎಲ್ಲರ ಕೈಯಲ್ಲೂ ಬಕೆಟ್ಟು.

"ಶನಿವಾರ ಎರಡು ಸಲ ಬರ್ತೀರಾ ಈಗ? ಒಳ್ಳೇದಾಯ್ತು ಬಿಡಿ," ಅಂದಳು ಒಬ್ಬ ಹೆಂಗಸು.

ಅವನು ಬಾಯಿ ತೆರೆದು ನಿಂತದ್ದು ನೋಡಿ ಅಕ್ಕನೇ ಒಬ್ಬೊಬ್ಬರ ಮುಂದೆ ಹಾಳೆ ಹಿಡಿದಳು. ಕೆಲವರು ಹಾಕಿದರು. "ಕೈಯೆಲ್ಲ ಗಲೀಜು ತಾಯಿ, ತೊಳ್ಕೊಂಡು ಬರ್ತೀನಿ," ಅಂದು ಹೋದವರು ಬರಲಿಲ್ಲ. ಮೇಷ್ಟ್ರು ಮಾತ್ರ ನೋಟಿಸು ಪೂರ್ತಿ ಓದಿ, ನಿಜವಾಗಿಯೇ ಬೇಜಾರು ಮಾಡಿಕೊಂಡು ಕೇಳಿದರು: "ಅಲ್ಲಮ್ಮಾ, ಅಲ್ಲಿ ಬೇಡ ಅಂದ್ರೆ ಇದೆಲ್ಲ ಎಲ್ಲಿಗೆ ಹೋಗ್ಬೇಕು?"

ಅದಕ್ಕೆ ಹಾಡಿನಲ್ಲಿ ಸಾಲು ಇರಲಿಲ್ಲ. ಮೇಷ್ಟ್ರು ಸಹಿ ಹಾಕದೆ ಹಾಳೆಯನ್ನು ಜೋಪಾನವಾಗಿ ವಾಪಸ್ಸು ಕೊಟ್ಟರು.

"ಬಕೆಟ್ ಇಸ್ಕೊಳ್ಳೋದಾ, ಬೇಡ್ವಾ?" ಮಾವ ಮೆಲ್ಲಗೆ ಕೇಳಿದ. ಇಸಿದುಕೊಂಡರು. ಸಹಿ ಐವತ್ತು ದಾಟಲಿಲ್ಲ.

ಸೋಮವಾರ ಸಾಹೇಬರಿಂದ ಕರೆ ಬಂತು. ಕೆಲಸ ಹೋಯಿತು ಅಂತಲೇ ಹೊರಟ. ಹಾಡಿಗಾಗಿ ಕೆಲಸ ಕಳಕೊಂಡವನು ಅನ್ನಿಸಿಕೊಳ್ಳುವ ಒಂದು ಸಣ್ಣ ಆಸೆಯೂ ಒಳಗಿತ್ತು ಅಂತ ಇಟ್ಟುಕೊಳ್ಳಿ. ಸಾಹೇಬರು ಕೂರಿಸಿದರು.

"ನಿನ್ನ ಹಾಡಿಗೆ ಜನ ಬೇಗ ಆಚೆ ಬರ್ತಾರಂತಲ್ಲ. ಎಲ್ಲಾ ಗಾಡಿಗೂ ಹಾಕಿಸ್ತಿದೀನಿ."

"ಸಾರ್, ಅದರ ಪದ..."

"ಪದಕ್ಕೇನಾಗಿದೆ? ಕೆಮ್ಮು ಅಂತೆಲ್ಲ ಬರುತ್ತೆ, ಆರೋಗ್ಯದ ವಿಷಯ. ಆ ಶನಿವಾರದ ಸಾಲು ಒಂದು ತೆಗಿ, ದಿನಾ ಬರ್ಬೇಕಲ್ಲ ಗಾಡಿ."

ಮುಂದಿನ ತಿಂಗಳು ಬಯಲು ಹಿಗ್ಗಿತು. ಅಕ್ಕನ ಗೋಡೆಯ ಬದಿಗೆ ಸುರಿಯುವ ಸರದಿ ಅವನದೂ ಬಂತು. ಅವಳ ಮನೆಯ ತಿರುವಿನಲ್ಲಿ ಹಾಡು ನಿಲ್ಲಿಸಿ, ಕಳ್ಳನ ಹಾಗೆ ಗಾಡಿ ಹಿಂದಕ್ಕೆ ತೆಗೆದ. ಕಿಟಕಿಯಲ್ಲಿ ಅಕ್ಕ.

"ಯಾಕೋ ನಿಲ್ಲಿಸಿದೆ?"

"ನಾಚಿಕೆ ಆಗುತ್ತಕ್ಕಾ."

"ನಾಚಿಕೆ ಆಮೇಲೆ ಪಡು. ತಿರುವಿನಲ್ಲೇ ಹಾಕ್ಕೊಂಡು ಬಾ. ಕೇಳಿಸಿದ್ರೆ ಪಾತ್ರೆ ಮುಚ್ಚಿ ಕಿಟಕಿ ಹಾಕ್ಕೊಳ್ಳೋಕೆ ಟೈಮ್ ಸಿಗುತ್ತೆ ನಂಗೆ."

ಅವನು ಹಾಡು ಹಾಕಿದ. ಮೊದಲ ಸಾಲು ಮುಗಿಯುವ ಮುಂಚೆಯೇ ಅಕ್ಕ ಕಿಟಕಿ ಮುಚ್ಚಿದಳು. ಮಾವ ಕಸ ಸುರಿಯುವ ಹಿಡಿಕೆ ಎಳೆದ.