ಇನ್ನೂ ಒಣಗದ ಫಿಲ್ಮು

ನಮ್ಮ ಭಾವನ ಮನೆಯಲ್ಲಿ ಇದ್ದದ್ದು ಒಂದೇ ಬಚ್ಚಲುಮನೆ, ಅದೂ ಮನುಷ್ಯರಿಗಲ್ಲ. ಕಿಟಕಿಗೆ ಕಪ್ಪು ಬಟ್ಟೆ ಬಡಿದು, ಬಾಗಿಲ ಸಂದಿಗೆ ಹಳೇ ಚಾದರ ತುರುಕಿ ಅದನ್ನೇ ಫೋಟೋ ತೊಳೆಯುವ ಡಾರ್ಕ್‌ರೂಮ್ ಮಾಡಿಕೊಂಡಿದ್ದರು. ಫಿಲ್ಮ್ ತೊಳೆದು ಹಗ್ಗಕ್ಕೆ ನೇತುಹಾಕಿದರೆಂದರೆ ಮುಗಿಯಿತು, ಒಣಗುವವರೆಗೆ ಯಾರೂ ಆ ಬಾಗಿಲು ತೆಗೆಯುವಂತಿಲ್ಲ, ಧೂಳು ಕೂರುತ್ತದಂತೆ. ಅಕ್ಕ ಪಾಪ, ಟವೆಲ್ಲು, ಸೋಪಿನ ಡಬ್ಬಿ ಹಿಡಿದು ಮಹಡಿ ಮೇಲಿನ ನನ್ನ ಮನೆಗೆ ಸ್ನಾನಕ್ಕೆ ಬರುತ್ತಿದ್ದಳು.

"ಫಿಲ್ಮಿಗೆ ದಿನಾ ಸ್ನಾನ, ಹೆಂಡ್ತಿಗಿಲ್ಲ. ಎಂಥಾ ಗಂಡನ್ನ ಕಟ್ಕೊಂಡೆ ಅಕ್ಕ" ಎಂದು ರೇಗಿಸುತ್ತಿದ್ದೆ.

"ಬೆಳಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಒಣಗುತ್ತೆ ಬಿಡೋ, ಅಷ್ಟೇ ತಾನೇ" ಎಂದು ನಗುತ್ತಿದ್ದಳು.

ಭಾವ ಊರವರ ಮದುವೆ, ಊರವರ ಮಕ್ಕಳ ಫೋಟೋ ತೆಗೆದೇ ಬದುಕಿದವರು. ಸ್ವಂತ ಮಗಳದ್ದು ಮಾತ್ರ ತೊಟ್ಟಿಲ ಕಾಲದ ಒಂದೆರಡು ಬಿಟ್ಟರೆ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಹಾಗೆ. ಬೆಳೆದ ಮೇಲೆ ಅವಳೂ ಕ್ಯಾಮೆರಾ ಹಿಡಿದಳು. ಹಿಡಿದವರು ಚಿತ್ರದಲ್ಲಿ ಎಲ್ಲಿಂದ ಬರುತ್ತಾರೆ? ಜ್ವರ ಅಂತ ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ಅವಳ ಕ್ಯಾಮೆರಾದಲ್ಲಿ ಒಂದು ರೋಲು ಉಳಿದಿತ್ತು. ಅದರಲ್ಲಿ ಒಂದೇ ಒಂದು ಚಿತ್ರ ಅವಳದ್ದು. "ಅಪ್ಪಾ, ನಂದೂ ಒಂದು ತೆಗಿ" ಎಂದು ಬಾಗಿಲಲ್ಲಿ ನಿಂತಾಗ ಭಾವ ತೆಗೆದದ್ದು.

ಆ ರೋಲನ್ನು ಅವರು ತೊಳೆಯಲೇ ಇಲ್ಲ. ವರ್ಷಗಳು ಕಳೆದವು. ಅಕ್ಕ ಕೇಳಿದಾಗಲೆಲ್ಲ "ಇರೋದೊಂದೇ ಕಣೆ, ತೊಳೆಯುವಾಗ ಹಾಳಾದ್ರೆ?" ಎನ್ನುವರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೊಂದು ಭಾನುವಾರ ಅಕ್ಕ ಹೇಳಿದಳು, "ಅವಳ ಮುಖ ಮರ್ತ್ ಹೋಗ್ತಿದೆ ರೀ. ಕಣ್ ಮುಚ್ಚಿದ್ರೂ ಬರಲ್ಲ." ಭಾವ ಎದ್ದು ರೋಲು ಹಿಡಿದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು.

ಚಿತ್ರ ಬಂದಿತ್ತು. "ಬಾರೇ, ಬೇಗ ಬಾ" ಎಂದು ಮೊದಲ ಸಲ ಹೆಂಡತಿಯನ್ನು ಒಳಗೆ ಕರೆದರು. ನಾನೂ ಹಿಂದೆ ನಿಂತೆ. ನೀರಿಳಿಯುತ್ತಿದ್ದ ಫಿಲ್ಮನ್ನು ಬಲ್ಬಿಗೆ ಹಿಡಿದರು. ನೆಗೆಟಿವ್ ಅಲ್ಲವೇ, ಕಪ್ಪು ಬಿಳಿ ಅದಲುಬದಲು. ಹುಡುಗಿಯ ಕೂದಲು ಬೆಳ್ಳಗೆ ಕಂಡಿತು.

"ನೋಡಿ, ನನ್ ಥರಾನೇ ತಲೆ ನೆರೆತಿದೆ ಇವಳಿಗೆ" ಎಂದಳು ಅಕ್ಕ, ಅಳುತ್ತ ನಗುತ್ತ. ಫಿಲ್ಮಿನಲ್ಲಿ ಹುಡುಗಿಯ ಮುಖದ ಮೇಲೆ ಒಂದು ನೀರಿನ ಹನಿ ನಿಂತಿತ್ತು. ಊಟವಾದ ಮೇಲೆ ಮಗಳ ಬಾಯಿ ಒರೆಸುತ್ತಿದ್ದ ಹಾಗೆಯೇ, ಯೋಚಿಸದೆ, ಹೆಬ್ಬೆರಳಿನಿಂದ ಅದನ್ನು ಒರೆಸಿದಳು.

ಒದ್ದೆ ಫಿಲ್ಮಿನ ಮೇಲೆ ಚಿತ್ರ ಹಾಲಿನ ಕೆನೆಯಷ್ಟು ಮೆತ್ತಗಿರುತ್ತದೆ. ಅದೂ ಅಷ್ಟು ಹಳೇ ಫಿಲ್ಮು. ಮುಖವಿದ್ದ ಜಾಗ ಬರಿದಾಗಿತ್ತು. ಭಾವ ನೋಡಿದರು, ನಾನೂ ನೋಡಿದೆ. ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು, ಅವಳಿಗೆ ಕಾಣಲಿಲ್ಲ ಅಂದುಕೊಂಡೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ನನ್ನ ತೋಳು ಒತ್ತಿದರು.

"ನಡೀರಿ ಹೊರಗೆ, ಒಣಗ್ಲಿ. ಆಮೇಲೆ ದೊಡ್ಡದಾಗಿ ಪ್ರಿಂಟ್ ಹಾಕ್ತೀನಿ" ಎಂದು ಹೊರಗೆ ಬಂದು ಬೀಗ ಜಡಿದರು.

ಅದಾದ ಮೇಲೆ ಮತ್ತೊಂದು ಬೇಸಿಗೆಯೂ ಕಳೆಯಿತು. ಬೀಗ ಹಾಗೇ ಇದೆ. ಭಾವ ಕ್ಯಾಮೆರಾ ಮುಟ್ಟುವುದಿಲ್ಲ, ಯಾರಾದರೂ ಕರೆಯಲು ಬಂದರೆ ಮಲಗಿದ್ದಾರೆ ಎಂದು ಹೇಳಿಸುತ್ತಾರೆ. ಇಬ್ಬರೂ ಸ್ನಾನಕ್ಕೆ ನನ್ನ ಮನೆಗೇ ಬರುತ್ತಾರೆ. ಮೊನ್ನೆ ಬಾಯಿ ತಪ್ಪಿ ಕೇಳಿಬಿಟ್ಟೆ, "ಏನಕ್ಕಾ, ಇನ್ನೂ ಒಣಗಿಲ್ವಾ?"

ಅಕ್ಕ ಸೋಪಿನ ಡಬ್ಬಿ ಕೆಳಗಿಟ್ಟು ತನ್ನ ಹೆಬ್ಬೆರಳು ನೋಡಿಕೊಂಡಳು.

"ಒಣಗಿಲ್ಲ ಅಂತಾರೆ ಕಣೋ. ನೀನೂ ಹಾಗೇ ಅನ್ನು."