ಬೆರೆಸಿದ ಮಾತ್ರೆ

ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬ ಮಾತನ್ನು ಸಿಂಧಘಟ್ಟದ ದಾಸಯ್ಯನಷ್ಟು ನಂಬಿದವರು ಇನ್ನೊಬ್ಬರಿಲ್ಲ. ಊರಿನ ಡೈರಿಯಲ್ಲಿ ಹಾಲು ಪರೀಕ್ಷಿಸುವುದು ಅವನ ಕೆಲಸ. ಹೆತ್ತ ತಾಯಿ ತಂದ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿದ ಪುಣ್ಯಾತ್ಮ! "ಒಬ್ರು ನೀರು ಬೆರೆಸುದ್ರೆ ಇಡೀ ಕ್ಯಾನೇ ಕೆಡ್ತದೆ" ಎಂದು, ಬೆರೆಸಿದವರನ್ನು ಎಲ್ಲರೆದುರು ಸಾಲಿನಿಂದಾಚೆ ನಿಲ್ಲಿಸುತ್ತಿದ್ದ.

ಅಂಥವನ ಬಲಗೈ ನಡುಗತೊಡಗಿತು. ಮೈಸೂರಿನ ಡಾಕ್ಟರಮ್ಮ ಪಾರ್ಕಿನ್ಸನ್ ಎಂದರು. ನಡುಕ ತಗ್ಗಿಸಲು ಮಾತ್ರೆ ಇದೆ, ಆದರೆ ಕಾಯಿಲೆ ಬೆಳೆಯುವುದನ್ನೇ ತಡೆಯುವಂಥದ್ದು ಇನ್ನೂ ಸಿಕ್ಕಿಲ್ಲ. ಮಿದುಳನ್ನು ಕಾಪಾಡಬಹುದೇನೋ ಎಂಬ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿದೆ, ಸೇರುತ್ತೀರಾ ಎಂದರು. ಅರ್ಧ ಜನಕ್ಕೆ ಔಷಧಿ, ಉಳಿದರ್ಧಕ್ಕೆ ನೋಡಲು ಅದರಂತೆಯೇ ಇರುವ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲವಂತೆ.

ಕೈ ಉಳಿದರೆ ಸಾಕೆಂದು ದಾಸಯ್ಯ ಒಪ್ಪಿದ. ಅನುಮಾನವೂ ಅಂದೇ ಶುರುವಾಯಿತು.

"ಕೊಡೋರ್ಗೇ ಗೊತ್ತಿಲ್ಲ ಅಂದ್ರೆ ನಂಬಾದೆಂಗೆ? ನಮ್ಗೆ ಬರೀ ಹಿಟ್ಟು ಕೊಟ್ಟವ್ರೆ" ಎಂದು ಹೆಂಡತಿ ಮಾಯಮ್ಮನ ತಲೆ ತಿಂದ. ಮಾತ್ರೆಯನ್ನು ನೀರಿಗೆ ಹಾಕಿ ನೋಡಿದ, ನೆಕ್ಕಿ ನೋಡಿದ.

"ಅದೇನು ಹಾಲಾ, ಡಿಗ್ರಿ ನೋಡಕೆ? ಸುಮ್ಕೆ ನುಂಗಿ" ಎಂದಳು ಮಾಯಮ್ಮ.

ಅದೇ ಪರೀಕ್ಷೆಗೆ ಸೇರಿದ್ದ ಕೆ.ಆರ್. ಪೇಟೆಯ ಟೈಲರ್ ವಜೀರ್ ಪಾಷಾ, ಆಸ್ಪತ್ರೆಯಲ್ಲಿ ಮೊದಲಿಗಿಂತ ಚುರುಕಾಗಿ ನಡೆದುಬಂದದ್ದು ಕಂಡು ದಾಸಯ್ಯನ ಹೊಟ್ಟೆ ಉರಿದುಹೋಯಿತು. ಮಾರನೆಯ ದಿನವೇ ಮಾತ್ರೆ ಡಬ್ಬಿ ಹಿಡಿದು ಅವನ ಅಂಗಡಿಗೆ ಹೋದ.

"ನಿಂದು ಅಸಲಿ, ನಂದು ನಕಲಿ ಕಣ್ಲಾ ಪಾಷಾ. ಇಲ್ಲ ಅಂದ್ರೆ ತಿರುಗಾಮುರುಗಾ. ಎರಡ್ನೂ ಬೆರೆಸ್ಬುಡಾಣ, ಇಬ್ರಿಗೂ ಅರ್ಧ ಗ್ಯಾರಂಟಿ."

ಪಾಷಾ ಮೆತ್ತಗಿನ ಮನುಷ್ಯ. "ಖುದಾ ಮೆಚ್ತಾನಾ ದಾಸಣ್ಣ?" ಎನ್ನುತ್ತಲೇ ತನ್ನ ಡಬ್ಬಿ ಕೊಟ್ಟ. ಊರವರ ಹಾಲನ್ನೆಲ್ಲ ಒಂದೇ ಕ್ಯಾನಿಗೆ ಸುರಿಸಿ ರೂಢಿಯಿದ್ದ ದಾಸಯ್ಯ, ಎರಡೂ ಡಬ್ಬಿಯನ್ನು ಒಂದೇ ಬೋಸಿಗೆ ಸುರಿದು, ಕಲಸಿ, ಹಂಚಿದ.

ಮುಂದಿನ ತಪಾಸಣೆಗೆ ಇಬ್ಬರೂ ಜೊತೆಗೇ ಹೋದಾಗ, ಈ ಜಾಣತನವನ್ನು ಡಾಕ್ಟರಮ್ಮನಿಗೆ ದಾಸಯ್ಯ ತಾನೇ ಹೆಮ್ಮೆಯಿಂದ ಒದರಿದ. ಅವರು ಇಬ್ಬರ ಫೈಲನ್ನೂ ಮುಚ್ಚಿಟ್ಟರು.

"ಇನ್ನು ನಿಮ್ಮಿಬ್ಬರನ್ನೂ ಪರೀಕ್ಷೆಯಲ್ಲಿ ಇಟ್ಟುಕೊಳ್ಳೋಕಾಗಲ್ಲ. ಮಾಮೂಲಿ ಮಾತ್ರೆ ಮುಂದುವರಿಸಿ, ಹೊಸದು ಇವತ್ತಿಗೆ ನಿಲ್ಲುತ್ತೆ."

ಯಾಕೆಂದು ದಾಸಯ್ಯ ಕೇಳಲಿಲ್ಲ. ಡೈರಿಯಲ್ಲಿ ತಾನೇ ನಡೆಸುತ್ತಿದ್ದ ಆ ಕಾನೂನು ಅವನಿಗೆ ಬಾಯಿಪಾಠ.

ವಾಪಸ್ ಬರುವ ಬಸ್ಸಿನಲ್ಲಿ ಪಾಷಾ ಬಯ್ದಿದ್ದರೂ ಚೆನ್ನಾಗಿತ್ತು. "ನಂದು ಕಾಲು ಸುಧಾರಿಸ್ತಾ ಇತ್ತು, ದಾಸಣ್ಣ" ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡಿದ. ದಾಸಯ್ಯ ಎದ್ದುಹೋಗಿ, ನಡುಗುವ ಕೈಯಲ್ಲಿ ಕಂಬಿ ಹಿಡಿದು ಬಾಗಿಲ ಬಳಿ ನಿಂತ. ಸೀಟು ಖಾಲಿಯಿದ್ದರೂ ಕೆ.ಆರ್. ಪೇಟೆ ಬರುವತನಕ ಕೂರಲಿಲ್ಲ.